ಸಹಿ ಹಾಕಿಟ್ಟು ಹೋದ ಇಪ್ಪತ್ತು ಸೆಟ್ ಜೆರಾಕ್ಸ್

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವನು. ಎರಡು ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದೇನೆ. ಹೊರಡುವ ಮುನ್ನ ಆಧಾರ್, ಪ್ಯಾನ್, ಪಾಸ್‌ಪೋರ್ಟ್‌ಗಳ ಇಪ್ಪತ್ತು ಸೆಟ್ ಜೆರಾಕ್ಸ್ ಮಾಡಿಸಿ, ಪ್ರತಿಯೊಂದಕ್ಕೂ ಸಹಿ ಹಾಕಿ, ಬೇಕಾದಾಗ ಕೊಡಲೆಂದು ಅಮ್ಮನ ಬಳಿ ಬಿಟ್ಟು ಬಂದೆ. ಅವುಗಳಲ್ಲಿ ಕೆಲವು ಮನೆ ಬಾಡಿಗೆಯ ದಲ್ಲಾಳಿಗೆ, ಕೆಲವು ಪಾಂಡವಪುರದ ಹತ್ತಿರದ ನಮ್ಮ ಜಮೀನಿನ ಕೆಲಸ ನೋಡಿಕೊಳ್ಳುವ ದೊಡ್ಡಪ್ಪನ ಮಗನಿಗೆ ಹೋಗಿವೆ. ಇಲ್ಲಿಯೂ ಮನೆ ಹುಡುಕುವಾಗ ಏಜೆಂಟರು ಪಾಸ್‌ಪೋರ್ಟ್ ಸ್ಕ್ಯಾನ್ ಕಳಿಸಿ ಎನ್ನುತ್ತಾರೆ. ಸ್ನೇಹಿತನೊಬ್ಬನ ಪ್ಯಾನ್ ಬಳಸಿ ಯಾರೋ ಸಾಲ ಎತ್ತಿದ್ದನ್ನು ಕೇಳಿದ ಮೇಲೆ ನಿದ್ದೆ ಕೆಟ್ಟಿದೆ. ಈ ನಕಲುಗಳು ದುರುಪಯೋಗವಾಗದಂತೆ ಇಷ್ಟು ದೂರದಿಂದ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರ ಓದಿದರೆ ನಿಮಗೆ ಹೆಚ್ಚು ಆತಂಕವಿರುವುದು ಐಂಡ್‌ಹೋವನ್‌ನ ಏಜೆಂಟರು ಕೇಳುವ ಪಾಸ್‌ಪೋರ್ಟ್ ಸ್ಕ್ಯಾನಿನ ಬಗ್ಗೆ ಎಂದು ಕಾಣುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನ ಕೌಂಟರಿನ ಒಳಗಡೆ ಕುಳಿತು ಇಂಥ ನಕಲುಗಳನ್ನು ಪಡೆದು, ಮೂಲದೊಂದಿಗೆ ಹೋಲಿಸಿ, ಕೆಲವನ್ನು ತಿರಸ್ಕರಿಸಿಯೂ ಬಂದ ನನಗೆ ಗಾಬರಿ ಹುಟ್ಟಿಸಿದ್ದು ಅದಲ್ಲ. ಪತ್ರದ ನಡುವೆ ಸಹಜವೆಂಬಂತೆ ಬಂದು ಹೋದ 'ಪ್ರತಿಯೊಂದಕ್ಕೂ ಸಹಿ ಹಾಕಿ' ಎಂಬ ಮೂರು ಪದಗಳು.

ಬರಿಯ ಜೆರಾಕ್ಸ್ ಹಾಳೆಯಿಂದ ಯಾರೂ ಹೆಚ್ಚಿನದನ್ನು ಸಾಧಿಸಲಾರರು. ಅದರ ಜೊತೆಗೆ ಇನ್ನೊಂದು ವಸ್ತು ಕೂಡಿಕೊಂಡಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ: ನಿಮ್ಮ ಸಹಿ, ಅಥವಾ ನಿಮ್ಮ ಮೊಬೈಲಿಗೆ ಬರುವ ಒಟಿಪಿ, ಅಥವಾ ನಿಮ್ಮ ಬೆರಳ ಗುರುತು. ಕೊಟ್ಟ ನಕಲನ್ನು ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲ, ಏಕೆಂದರೆ ನಕಲಿಗೆ ಇನ್ನೊಂದು ನಕಲು ಮಾಡಲು ಎರಡು ರೂಪಾಯಿ ಸಾಕು. ಆದರೆ ಅದರ ಜೊತೆ ಸೇರಬೇಕಾದ ಈ ಮೂರನ್ನು ಕಾಯುವುದು ಮಾತ್ರ ಇಂದಿಗೂ ನಿಮ್ಮ ಕೈಯಲ್ಲೇ ಇದೆ, ಐಂಡ್‌ಹೋವನ್‌ನಲ್ಲಿ ಕುಳಿತೂ ಇದೆ. ಆದ್ದರಿಂದ ಹಾಳೆಯ ಬಗ್ಗೆ ಸ್ವಲ್ಪವೂ, ಈ ಮೂರರ ಬಗ್ಗೆ ಹೆಚ್ಚಾಗಿಯೂ ಬರೆಯುತ್ತೇನೆ.

ಮೊದಲು ಸಹಿಯ ವಿಷಯ. ಕೆಲವು ವರ್ಷಗಳ ಹಿಂದೆ ಮಂಡ್ಯದ ರೈಲು ನಿಲ್ದಾಣದ ಹೊರಗೆ ಚುರುಮುರಿ ಕೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಡಿಸಿ ನೋಡಿದರೆ ಅದು ಯಾರದೋ ಪ್ಯಾನ್ ಕಾರ್ಡಿನ ಜೆರಾಕ್ಸ್. ಒಬ್ಬ ಹೆಣ್ಣುಮಗಳ ಮುಖ, ಎಣ್ಣೆ ಹೀರಿ ಅರೆಪಾರದರ್ಶಕವಾಗಿದ್ದ ಹಾಳೆ, ಕೆಳಗೆ ನೀಲಿ ಶಾಯಿಯಲ್ಲಿ ಆಕೆಯೇ ಹಾಕಿದ್ದ ಸಹಿ. ಸಹಿ ಜೆರಾಕ್ಸ್ ಆಗಿರಲಿಲ್ಲ. ಪೆನ್ನು ಒತ್ತಿದ ಗುರುತು ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತಿತ್ತು. ದಿನಾಂಕವಿಲ್ಲ, ಯಾರಿಗೆ ಕೊಟ್ಟದ್ದು ಎಂಬುದಿಲ್ಲ, ಏತಕ್ಕೆ ಎಂಬುದೂ ಇಲ್ಲ. ಕೌಂಟರಿನ ಒಳಗಿರುವವನ ಕಣ್ಣಿಗೆ ಅದು ಕೂಡಲೇ ಸ್ವೀಕರಿಸಬಹುದಾದ ದಾಖಲೆ, ಏಕೆಂದರೆ ಸ್ವಯಂ ದೃಢೀಕರಿಸಿದ ನಕಲಿನಲ್ಲಿ ನಾವು ನೋಡುವುದು ಸಹಿ ಹಸಿ ಶಾಯಿಯದೋ ಅಲ್ಲವೋ ಎಂಬುದನ್ನೇ. ನಿಮ್ಮ ಅಮ್ಮನ ಬೀರುವಿನಲ್ಲಿ ಅಂಥ ಹಾಳೆಗಳು ಇಪ್ಪತ್ತು ಸೆಟ್ ಇದ್ದವು, ಈಗ ಕೆಲವು ಅಲ್ಲಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟು ಹೋಗಲು ನೀವು ಒಪ್ಪುತ್ತಿರಲಿಲ್ಲ. ಇದೂ ಅದೇ ಜಾತಿಯದು, ಮೊತ್ತ ಬರೆಯುವ ಜಾಗ ಮಾತ್ರ ಕಾಣುವುದಿಲ್ಲ.

ಇನ್ನು ಮುಂದೆ ನಕಲು ಕೊಡುವುದಾದರೆ ಹೇಗೆ ಕೊಡಬೇಕು ಎಂಬುದನ್ನು ಒಂದು ಹಾಳೆ ಎದುರಿಗಿಟ್ಟುಕೊಂಡಂತೆ ಹೇಳುತ್ತೇನೆ. ಹೆಚ್ಚಿನವರು ಉದ್ದೇಶವನ್ನು ಹಾಳೆಯ ಅಂಚಿನ ಖಾಲಿ ಜಾಗದಲ್ಲಿ ಬರೆಯುತ್ತಾರೆ. ಅದು ವ್ಯರ್ಥ. ಆ ಜಾಗದ ಮೇಲೆ ಬಿಳಿ ಕಾಗದದ ಪಟ್ಟಿಯೊಂದನ್ನು ಇಟ್ಟು ಇನ್ನೊಮ್ಮೆ ಜೆರಾಕ್ಸ್ ಮಾಡಿದರೆ ನಿಮ್ಮ ಬರಹ ಮಾಯವಾಗುತ್ತದೆ. ಬರಹವು ಕಾರ್ಡಿನ ಚಿತ್ರದ ಮೇಲೆಯೇ ಓರೆಯಾಗಿ, ಫೋಟೊದ ಭುಜವನ್ನು ಹಾದು, ಹೆಸರಿನ ಸಾಲನ್ನು ದಾಟಿ ಹೋಗಬೇಕು. ಆದರೆ ಹೆಸರು, ಮುಖ, ಅಗತ್ಯವಿರುವ ಸಂಖ್ಯೆ ಓದಲು ಬರುವಂತಿರಬೇಕು. 'ಕುವೆಂಪುನಗರದ ಮನೆಯ ಬಾಡಿಗೆ ಕರಾರಿಗೆ ಮಾತ್ರ, 14-6-2025, ಬೇರೆ ಯಾವ ಉಪಯೋಗಕ್ಕೂ ಸಲ್ಲದು' ಎಂದು ಬರೆದು, ಪಡೆಯುವವರ ಹೆಸರನ್ನೂ ಸೇರಿಸಿ, ಸಹಿಯ ಗೆರೆ ಈ ಬರಹದ ಕೊನೆಯ ಅಕ್ಷರಗಳನ್ನು ತಾಗುವಂತೆ ಹಾಕಿ. ಸಹಿಯನ್ನು ಕತ್ತರಿಸಿ ತೆಗೆದರೆ ಉದ್ದೇಶವೂ ಅದರೊಂದಿಗೆ ಹೋಗಬೇಕು, ಉದ್ದೇಶವನ್ನು ಮುಚ್ಚಿದರೆ ಸಹಿಯೂ ಮುಚ್ಚಿಹೋಗಬೇಕು. 'ಮೇಲೆ ಬರೆದರೆ ರಿಜೆಕ್ಟ್ ಆಗುತ್ತೆ ಸಾರ್' ಎಂದು ದಲ್ಲಾಳಿಗಳು ಹೇಳುವುದುಂಟು. ನನ್ನ ಸೇವಾವಧಿಯಲ್ಲಿ ನಾನು ತಿರಸ್ಕರಿಸಿದ್ದು ಓದಲಾಗದ ನಕಲನ್ನೇ ಹೊರತು ಉದ್ದೇಶ ಬರೆದ ನಕಲನ್ನಲ್ಲ.

ಮೈಸೂರಿನವರಿಗೆ ಈ ತತ್ವ ಹೊಸದೇನೂ ಅಲ್ಲ. 1962ರ ಮಹಾಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಲ್ಲಿ. ಆ ಶಾಯಿ ಮತದಾರ ಯಾರೆಂದು ಹೇಳುವುದಿಲ್ಲ. ಈ ಬೆರಳು ಒಮ್ಮೆ ಉಪಯೋಗವಾಗಿದೆ ಎಂದಷ್ಟೇ ಹೇಳುತ್ತದೆ. ನಕಲಿನ ಮೇಲಿನ ಬರಹದ ಕೆಲಸವೂ ಇಷ್ಟೇ.

ಸಂಖ್ಯೆಯನ್ನು ಮುಚ್ಚುವ ಬಗ್ಗೆಯೂ ಒಂದೆರಡು ಮಾತು. ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಇ-ಆಧಾರ್ ಇಳಿಸಿಕೊಳ್ಳುವಾಗ 'ಮಾಸ್ಕ್ಡ್' ಎಂಬುದನ್ನು ಗುರುತು ಹಾಕಿದರೆ ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಸಿಗುತ್ತದೆ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ತಪ್ಪಾಗಿ ಅರ್ಥಮಾಡಿಕೊಳ್ಳುವ ಸಾಧ್ಯತೆ ಇದೆಯೆಂದು ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಪ್ರಕಟಣೆ ಹೋಯಿತು, ಅದರಲ್ಲಿದ್ದ ಬುದ್ಧಿಮಾತು ಹೋಗಬೇಕಾಗಿಲ್ಲ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿನ ಕೆವೈಸಿ, ಅಂದರೆ ಗ್ರಾಹಕರ ಗುರುತು ಪರಿಶೀಲನೆಯ, ನಿರ್ದೇಶನದಲ್ಲಿ, ಆಧಾರ್ ದೃಢೀಕರಣ ಅಗತ್ಯವಿಲ್ಲದ ಕಡೆ ಗ್ರಾಹಕ ಕೊಡುವ ನಕಲಿನಲ್ಲಿ ಸಂಖ್ಯೆ ಮುಚ್ಚಿರುವಂತೆ ನೋಡಿಕೊಳ್ಳಬೇಕೆಂಬ ಸೂಚನೆ ಇದೆ. ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇದೆಯಲ್ಲ ಎಂದು ನೆಮ್ಮದಿಯಿಂದಿರಬೇಡಿ. ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ ಸೇರಿದರೆ ಅದೇ ಪಾಸ್‌ವರ್ಡ್, ಮತ್ತು ಅದು ನಿಮ್ಮ ಪ್ಯಾನ್ ಕಾರ್ಡಿನ ಜೆರಾಕ್ಸ್ ಇರುವ ಯಾರಿಗೂ ಗೊತ್ತಾಗುತ್ತದೆ.

ಕಪ್ಪು ಮಾರ್ಕರ್‌ನಿಂದ ನೀವೇ ಸಂಖ್ಯೆ ಮುಚ್ಚಿದರೆ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಜೆರಾಕ್ಸಿನ ಕಪ್ಪು ಬೇರೆ, ಮಾರ್ಕರ್‌ನ ಕಪ್ಪು ಬೇರೆ, ಅಂಕಿಗಳು ಹೊಳೆಯುತ್ತಿರುತ್ತವೆ. ಮುಚ್ಚಿದ ಹಾಳೆಯನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿಸಿ, ಆ ಎರಡನೆಯ ಪ್ರತಿಯನ್ನು ಕೊಡಬೇಕು. ಕಂಪ್ಯೂಟರಿನಲ್ಲಿಯೂ ಹಾಗೆಯೇ. ಪಿಡಿಎಫ್ ಮೇಲೆ ಎಳೆದ ಕಪ್ಪು ಚೌಕವನ್ನು ಎಳೆದವನಷ್ಟೇ ಸುಲಭವಾಗಿ ಇನ್ನೊಬ್ಬ ತೆಗೆಯಬಲ್ಲ. ಅದನ್ನು ಚಿತ್ರವಾಗಿ ಬದಲಿಸಿಯೇ ಕಳಿಸಬೇಕು.

ಜೆರಾಕ್ಸ್ ಅಂಗಡಿಯನ್ನು ಇಲ್ಲಿ ಮರೆಯಬಾರದು. ಮೈಸೂರಿನ ಕೋರ್ಟ್ ಸುತ್ತಮುತ್ತಲಾಗಲಿ ಮಂಡ್ಯದ ತಾಲ್ಲೂಕು ಕಚೇರಿಯ ಎದುರಿಗಾಗಲಿ ಈಗ ಯಾರೂ ಮೂಲ ಕಾರ್ಡು ಹಿಡಿದು ಹೋಗುವುದಿಲ್ಲ. ಅಂಗಡಿಯ ನಂಬರಿಗೆ ವಾಟ್ಸಾಪ್ ಮಾಡುತ್ತಾರೆ, ಹುಡುಗ ಅದನ್ನು ಕಂಪ್ಯೂಟರಿಗೆ ಇಳಿಸಿ ಪ್ರಿಂಟ್ ತೆಗೆದು ಮುಂದಿನವರತ್ತ ತಿರುಗುತ್ತಾನೆ. ಇಳಿಸಿದ ಕಡತ ಆ ಕಂಪ್ಯೂಟರಿನಲ್ಲಿ ಹಾಗೆಯೇ ಉಳಿಯುತ್ತದೆ. ಅಂಗಡಿಯವರಲ್ಲಿ ಕೆಟ್ಟ ಉದ್ದೇಶವಿದೆ ಎಂದು ನಾನು ಹೇಳುತ್ತಿಲ್ಲ. ಆ ಕಂಪ್ಯೂಟರಿನ ಮುಂದೆ ದಿನಕ್ಕೆ ಎಷ್ಟು ಜನ ಕೂರುತ್ತಾರೆ ಎಂಬುದನ್ನು ಅವರೂ ಲೆಕ್ಕ ಇಟ್ಟಿರುವುದಿಲ್ಲ. ಅಮ್ಮನಿಗೆ ಒಂದು ಮಾತು ಹೇಳಿಡಿ: ಕಳಿಸುವುದಾದರೆ ಉದ್ದೇಶ ಬರೆದು, ಸಂಖ್ಯೆ ಮುಚ್ಚಿದ ಚಿತ್ರವನ್ನೇ ಕಳಿಸಲಿ, ಪ್ರಿಂಟ್ ಆದ ಮೇಲೆ ಕಡತವನ್ನು ಅಳಿಸುವಂತೆ ಅಲ್ಲೇ ನಿಂತು ಕೇಳಲಿ, ಮಸುಕಾಗಿ ಬಂದ ಪ್ರತಿಯನ್ನು ಅಲ್ಲಿನ ಬುಟ್ಟಿಗೆ ಹಾಕದೆ ಮನೆಗೆ ತರಲಿ. ಚುರುಮುರಿ ಪೊಟ್ಟಣದ ದಾರಿ ಆ ಬುಟ್ಟಿಯಿಂದಲೇ ಶುರುವಾಗುವುದು.

ಈಗ ಮೊಬೈಲ್ ಸಂಖ್ಯೆ. ನಿಮ್ಮ ಪತ್ರದಲ್ಲಿ ಇದರ ಪ್ರಸ್ತಾಪವೇ ಇಲ್ಲ, ವಿದೇಶದಲ್ಲಿರುವವರ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ದೊಡ್ಡ ಬಿರುಕು ಇದೇ. ನಿಮ್ಮ ಆಧಾರ್‌ಗೆ, ಬ್ಯಾಂಕಿಗೆ, ಆದಾಯ ತೆರಿಗೆ ಖಾತೆಗೆ ಜೋಡಿಸಿದ್ದ ಭಾರತದ ಸಿಮ್ ಈಗ ಎಲ್ಲಿದೆ? ಪ್ರೀಪೇಯ್ಡ್ ಸಿಮ್ ಸತತ 90 ದಿನ ಬಳಕೆಯಾಗದೆ, ಖಾತೆಯಲ್ಲಿ ಹಣವೂ ಇಲ್ಲದಿದ್ದರೆ ಕಂಪನಿ ಅದನ್ನು ನಿಷ್ಕ್ರಿಯಗೊಳಿಸಬಹುದು. ಇನ್ನಷ್ಟು ಕಾಲ ಕಾದು ಅದೇ ಸಂಖ್ಯೆಯನ್ನು ಬೇರೊಬ್ಬ ಗ್ರಾಹಕರಿಗೆ ಮಾರಬಹುದು. ಹಾಗೆ ಮಾರಿದ ದಿನದಿಂದ ನಿಮ್ಮ ಆಧಾರ್ ಒಟಿಪಿ ಹೋಗುವುದು ನೀವು ಕಂಡರಿಯದ ಒಬ್ಬರ ಜೇಬಿಗೆ. ಅವರು ಒಳ್ಳೆಯವರೇ ಇರಬಹುದು. ಆದರೆ ಅವರ ಕೈಗೆ ನಿಮ್ಮ ಆಧಾರ್ ನಕಲೂ ಸಿಕ್ಕಿತೆಂದರೆ, ಸಂಖ್ಯೆ ಮತ್ತು ಒಟಿಪಿ ಎರಡೂ ಸೇರಿ ನೀವೇ ಅಲ್ಲಿ ಕುಳಿತಿದ್ದೀರಿ ಎಂದು ವ್ಯವಸ್ಥೆ ನಂಬುತ್ತದೆ.

ಆದ್ದರಿಂದ ಆ ಸಿಮ್ ಜೀವಂತವಾಗಿದೆಯೇ ಎಂದು ಇಂದೇ ನೋಡಿ. ಇದ್ದರೆ ವರ್ಷಕ್ಕೆ ಒಮ್ಮೆ ಮಾಡಿಸುವ, 365 ದಿನದ ಅವಧಿಯ ರೀಚಾರ್ಜ್ ಹಾಕಿಸಿ, ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಯವರ ಕೈಯಲ್ಲಿ ಸಿಮ್ ಇದ್ದರೆ, 'ಫೋನಿಗೆ ಬಂದ ನಂಬರ್ ಹೇಳಿ' ಎಂದು ಯಾರು ಕೇಳಿದರೂ ಮೊದಲು ನಿಮಗೆ ಕರೆ ಮಾಡಬೇಕೆಂಬ ಕಟ್ಟಪ್ಪಣೆ ಇರಲಿ. ದೊಡ್ಡಪ್ಪನ ಮಗ ಕೇಳಿದರೂ. ಸಿಮ್ ಈಗಾಗಲೇ ಕೈತಪ್ಪಿದ್ದರೆ, ಮುಂದಿನ ಸಲ ಮೈಸೂರಿಗೆ ಬಂದಾಗ ನೆಂಟರ ಮನೆಗೆ ಹೋಗುವ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸಂಖ್ಯೆ ಬದಲಿಸಿಕೊಳ್ಳಿ. ಬ್ಯಾಂಕಿನ ವಿಷಯ ಅಷ್ಟು ಕಾಯಬೇಕಾಗಿಲ್ಲ. ಅನಿವಾಸಿಯಾದ ಮೇಲೆ ನಿಮ್ಮ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸುವುದು ಹೇಗೂ ನಿಯಮದಂತೆ ಆಗಬೇಕಾದ ಕೆಲಸ. ಆಗಲೇ ವಿದೇಶದ ಮೊಬೈಲ್ ಸಂಖ್ಯೆ, ಇ-ಮೇಲ್‌ಗಳನ್ನು ಕೊಟ್ಟುಬಿಡಿ.

ನಿಮ್ಮ ಹೆಸರಿನಲ್ಲಿ ಬೇರೆ ಸಿಮ್‌ಗಳು ಇವೆಯೇ ಎಂಬುದನ್ನೂ ನೋಡಬೇಕು. ಹಿಂದೆ ಒಬ್ಬ ಗ್ರಾಹಕ ಕೊಟ್ಟ ನಕಲಿನ ಮೇಲೆ ಎರಡು ಮೂರು ಸಿಮ್ ಚಾಲೂ ಮಾಡುವ ಚಾಳಿ ಕೆಲವು ಅಂಗಡಿಗಳಲ್ಲಿತ್ತು. 2024ರ ಜನವರಿ 1ರಿಂದ ಕಾಗದದ ಕೆವೈಸಿ ನಿಂತಿರುವುದರಿಂದ ಬರಿಯ ಜೆರಾಕ್ಸಿಗೆ ಈಗ ಸಿಮ್ ಸಿಗಬಾರದು. ಆದರೆ ನಿಮ್ಮದು ಹಳೆಯ ಕಾಲದ ನಕಲುಗಳೂ ಇರಬಹುದಲ್ಲ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಭಾರತದ ಸಂಖ್ಯೆಯಿಂದ ಪ್ರವೇಶಿಸಿದರೆ ನಿಮ್ಮ ಹೆಸರಿನಲ್ಲಿರುವ ಸಂಪರ್ಕಗಳ ಪಟ್ಟಿ ಬರುತ್ತದೆ, ನಿಮ್ಮದಲ್ಲದ್ದನ್ನು ಅಲ್ಲಿಯೇ 'ನನ್ನದಲ್ಲ' ಎಂದು ದಾಖಲಿಸಬಹುದು. ಐದು ನಿಮಿಷದ ಕೆಲಸ.

ಬೆರಳ ಗುರುತಿನ ಬಗ್ಗೆ ನೀವು ಯೋಚಿಸಿಯೇ ಇರಲಾರಿರಿ. 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದ ಪ್ರಕರಣಗಳಲ್ಲಿ ವಂಚಕರು ನೋಂದಾಯಿತ ಕ್ರಯಪತ್ರಗಳ ಪ್ರತಿಗಳಿಂದ ಹೆಬ್ಬೆಟ್ಟಿನ ಗುರುತನ್ನೂ ಆಧಾರ್ ಸಂಖ್ಯೆಯನ್ನೂ ತೆಗೆದು, ಗುರುತಿನ ಅಚ್ಚು ಮಾಡಿ, ಆಧಾರ್ ಆಧಾರಿತ ಪಾವತಿ ಯಂತ್ರದ ಮೂಲಕ ಜನರ ಖಾತೆಯಿಂದ ಹಣ ತೆಗೆದಿದ್ದರು. ಅದಕ್ಕೆ ಒಟಿಪಿಯೂ ಬೇಕಾಗಿರಲಿಲ್ಲ. ನಿಮ್ಮ ಹೆಸರಿನಲ್ಲಿ ಜಮೀನಿದೆ, ಅಂದರೆ ಎಲ್ಲೋ ಒಂದು ಪತ್ರದಲ್ಲಿ ನಿಮ್ಮ ಹೆಬ್ಬೆಟ್ಟೂ ಇರಬಹುದು. ಇದಕ್ಕೆ ಮದ್ದು ಸರಳವಾಗಿದೆ. ಆಧಾರ್ ಜಾಲತಾಣದಲ್ಲಿ ಅಥವಾ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಬೀಗ ಹಾಕಿ. ಬೀಗ ಇರುವವರೆಗೆ ನಿಮ್ಮ ನಿಜವಾದ ಬೆರಳನ್ನೇ ಇಟ್ಟರೂ ದೃಢೀಕರಣ ಆಗುವುದಿಲ್ಲ. ವಿದೇಶದಲ್ಲಿರುವವರಿಗೆ ಆ ಬೆರಳು ಇಲ್ಲಿ ದಿನನಿತ್ಯ ಬೇಕಾಗುವುದೂ ಇಲ್ಲ, ಹಾಗಾಗಿ ಬೀಗ ಹಾಕಿಯೇ ಇಡುವುದರಿಂದ ನಿಮಗೆ ನಷ್ಟವಿಲ್ಲ. ಬಂದಾಗ ತೆಗೆಯಿರಿ. ಇನ್ನೂ ಮುಂದೆ ಹೋಗಿ, 16 ಅಂಕಿಯ ವರ್ಚುವಲ್ ಐಡಿ ಪಡೆದು ಆಧಾರ್ ಸಂಖ್ಯೆಗೇ ಬೀಗ ಹಾಕಬಹುದು. ಆಗ ಜೆರಾಕ್ಸಿನಲ್ಲಿ ಅಚ್ಚಾಗಿರುವ ಸಂಖ್ಯೆ ಆನ್‌ಲೈನ್ ದೃಢೀಕರಣಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಬದಲಿಸಬಹುದಾದ ವರ್ಚುವಲ್ ಐಡಿ ಮಾತ್ರ ನಡೆಯುತ್ತದೆ. ಅದೇ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣಕ್ಕೆ ಬಳಕೆಯಾಗಿದೆ ಎಂಬ ಇತಿಹಾಸವೂ ಸಿಗುತ್ತದೆ. ನೀವು ಐಂಡ್‌ಹೋವನ್‌ನಲ್ಲಿದ್ದ ದಿನ ಬೆರಳ ಗುರುತಿನ ದೃಢೀಕರಣವೊಂದು ಅದರಲ್ಲಿ ಕಂಡರೆ, ಅದಕ್ಕಿಂತ ಸ್ಪಷ್ಟವಾದ ಸುಳಿವು ಬೇರೆ ಬೇಕಿಲ್ಲ.

ಸ್ನೇಹಿತರ ಪ್ಯಾನ್ ಕಥೆಗೆ ಬರೋಣ. ಪ್ಯಾನ್ ದುರುಪಯೋಗ ಗುಟ್ಟಾಗಿ ಉಳಿಯುವುದಿಲ್ಲ, ಎಲ್ಲೋ ಒಂದು ಕಡೆ ದಾಖಲಾಗಿಯೇ ಆಗುತ್ತದೆ. ನೋಡುವವರಿಲ್ಲದೆ ಬಿದ್ದಿರುತ್ತದೆ ಅಷ್ಟೆ. ಸಾಲವಾದರೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳ ವರದಿಯಲ್ಲಿ ಕಾಣುತ್ತದೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಿಂದಲೇ ವಿಧಿಸಿದೆ. ನಾಲ್ಕನ್ನೂ ಒಂದೇ ದಿನ ತರಿಸಿಕೊಳ್ಳುವ ಬದಲು ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಕಾವಲು ಇದ್ದಂತಾಗುತ್ತದೆ. ನಿಮ್ಮದಲ್ಲದ ಸಾಲ ಕಂಡರೆ ಆ ಸಂಸ್ಥೆಗೆ ಆಕ್ಷೇಪಣೆ ಸಲ್ಲಿಸಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದಾಯ ತೆರಿಗೆ ಜಾಲತಾಣದ ವಾರ್ಷಿಕ ಮಾಹಿತಿ ಪತ್ರದಲ್ಲಿ ನಿಮ್ಮ ಪ್ಯಾನ್ ಹೆಸರಿನಲ್ಲಿ ನಡೆದ ಬಡ್ಡಿ, ಬಾಡಿಗೆ, ಷೇರು, ಆಸ್ತಿ ವ್ಯವಹಾರಗಳು ಕಾಣುತ್ತವೆ. ಯಾರೋ ತೆರಿಗೆ ಉಳಿಸಲು ನಿಮ್ಮನ್ನು ತಮ್ಮ ಮನೆ ಮಾಲೀಕರೆಂದು ತೋರಿಸಿಕೊಂಡಿರುವುದೂ ಹೀಗೆಯೇ ಹೊರಬೀಳುವುದು. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಹಾಕಿ ಹುಡುಕಿದರೆ ಆ ಪ್ಯಾನ್ ಮೇಲೆ ನೋಂದಣಿಯಾದ ವ್ಯಾಪಾರಗಳ ವಿವರ ಬರುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಸಂತೋಷಪಡಿ.

'ಆಧಾರ್ ಜೋಡಿಸದ್ದರಿಂದ ನಿಮ್ಮ ಪ್ಯಾನ್ ನಿಷ್ಕ್ರಿಯವಾಗುತ್ತಿದೆ, ಎರಡರ ಫೋಟೊ ಕಳಿಸಿ' ಎಂಬ ಕರೆ ನಿಮಗೆ ಬಂದೇ ಬರುತ್ತದೆ. ಆ ಜೋಡಣೆಯಿಂದ ವಿನಾಯಿತಿ ಇರುವುದು ಆಧಾರ್ ಇಲ್ಲದ ಅನಿವಾಸಿಗಳಿಗೆ, ನಿಮ್ಮ ಬಳಿ ಆಧಾರ್ ಇದೆ. ಆದ್ದರಿಂದ ಕರೆ ಮಾಡಿದವರಿಗೆ ಏನನ್ನೂ ಕಳಿಸದೆ, ಜೋಡಣೆಯ ಸ್ಥಿತಿಯನ್ನು ತೆರಿಗೆ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಿ, ಅಷ್ಟೇ.

ಪಾಂಡವಪುರದ ಜಮೀನಿನ ಬಗ್ಗೆ ಬರೆಯುವಾಗ ನನ್ನ ಧ್ವನಿ ಸ್ವಲ್ಪ ಗಟ್ಟಿಯಾದರೆ ಕ್ಷಮಿಸಿ. ಸಾಲದ ವಂಚನೆಯನ್ನು ಸರಿಪಡಿಸಲು ತಿಂಗಳುಗಳು ಸಾಕು. ಕೈಬದಲಾದ ಜಮೀನಿಗಾಗಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿದವರು ವರ್ಷಗಳನ್ನು ಎಣಿಸುತ್ತಾರೆ. ಮಾಲೀಕ ವಿದೇಶದಲ್ಲಿದ್ದಾನೆ, ಹೆತ್ತವರಿಗೆ ವಯಸ್ಸಾಗಿದೆ, ಸಹಿ ಇರುವ ಗುರುತಿನ ನಕಲು ಸಿಕ್ಕಿದೆ ಎಂದರೆ ಬೇರೊಬ್ಬನನ್ನು ನಿಮ್ಮ ಹೆಸರಿನಲ್ಲಿ ಉಪನೋಂದಣಾಧಿಕಾರಿಯ ಎದುರು ನಿಲ್ಲಿಸಲು ಅರ್ಧ ಸಿದ್ಧತೆ ಆದಂತೆಯೇ. ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ಪಹಣಿಯನ್ನೂ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ, ಸ್ಥಿತಿಯನ್ನೂ ಎಲ್ಲಿಂದ ಬೇಕಾದರೂ ನೋಡಬಹುದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ನಮ್ಮ ಕಡೆ ಎಲ್ಲರೂ ಇ.ಸಿ. ಎನ್ನುವುದು, ಅರ್ಜಿ ಹಾಕಿ ಪಡೆಯಬಹುದು. ಅದು ನಮೂನೆ 16ರಲ್ಲಿ ಬಂದರೆ ನೀವು ಕೇಳಿದ ಅವಧಿಯಲ್ಲಿ ಯಾವ ವ್ಯವಹಾರವೂ ನೋಂದಣಿಯಾಗಿಲ್ಲ ಎಂದರ್ಥ. ನಮೂನೆ 15ರಲ್ಲಿ ಬಂದರೆ ಒಂದೊಂದು ಸಾಲನ್ನೂ ಓದಿ. ಯುಗಾದಿಗೊಮ್ಮೆ, ದಸರೆಗೊಮ್ಮೆ ತೆಗೆಸಿ ನೋಡುವ ರೂಢಿ ಇಟ್ಟುಕೊಂಡರೆ ಮರೆಯುವುದಿಲ್ಲ. ಮ್ಯುಟೇಶನ್ ಶುರುವಾದಾಗ ಆಕ್ಷೇಪಣೆಗೆ ಕಾಲಾವಕಾಶ ಇರುತ್ತದೆ, ಆದರೆ ಅದು ಬಹಳ ದಿನದ್ದಲ್ಲ.

ದೊಡ್ಡಪ್ಪನ ಮಗನ ಮೇಲೆ ಅನುಮಾನಪಡಿ ಎಂದು ನಾನು ಹೇಳುತ್ತಿಲ್ಲ. ಅವರು ನಿಮ್ಮ ಕೆಲಸಕ್ಕಾಗಿಯೇ ಆ ಹಾಳೆಗಳನ್ನು ಯಾರಿಗೋ ಕೊಟ್ಟಿರುತ್ತಾರೆ, ಆ ಯಾರೋ ಇನ್ನಾರಿಗೋ. ಅವರಿಗೆ ನಿಜವಾಗಿ ಬೇಕಾದದ್ದು ನಿಮ್ಮ ಪರವಾಗಿ ಓಡಾಡುವ ಅಧಿಕಾರ. ಹಾಗಿದ್ದರೆ ಸಹಿ ಹಾಕಿದ ಜೆರಾಕ್ಸಿನ ಬದಲು, ಹೇಗ್ ನಗರದ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ವಿಶೇಷ ಅಧಿಕಾರ ಪತ್ರವೊಂದನ್ನು ಕಳಿಸಿ. ಸರ್ವೆಗೆ ಹಾಜರಾಗಲು, ಕಂದಾಯ ಕಟ್ಟಲು, ಪಹಣಿ ತಿದ್ದುಪಡಿಗೆ ಅರ್ಜಿ ಕೊಡಲು ಎಂದು ಕೆಲಸಗಳನ್ನು ಹೆಸರಿಸಿ, ಮಾರುವ, ಅಡವಿಡುವ ಅಧಿಕಾರ ಇಲ್ಲವೆಂದು ಬರೆದು, ಮುಗಿಯುವ ದಿನಾಂಕ ಹಾಕಿ. ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಸಂಬಂಧವೂ ಕೆಡುವುದಿಲ್ಲ, ಕಾಗದವೂ ಅಡ್ಡಾಡುವುದಿಲ್ಲ.

ಐಂಡ್‌ಹೋವನ್‌ನ ಏಜೆಂಟರ ವಿಷಯದಲ್ಲಿ ನೀವು ನಿಜವಾಗಿ ಅನುಕೂಲವಾದ ದೇಶದಲ್ಲೇ ಇದ್ದೀರಿ. ಗುರುತಿನ ನಕಲಿನ ಮೇಲೆ ಉದ್ದೇಶ ಮತ್ತು ದಿನಾಂಕ ಬರೆದು, ಅಗತ್ಯವಿಲ್ಲದ್ದನ್ನು ಮುಚ್ಚಿ ಕೊಡಿ ಎಂದು ಅಲ್ಲಿನ ಸರ್ಕಾರವೇ ಜನರಿಗೆ ಹೇಳುತ್ತದೆ. ಅದಕ್ಕಾಗಿ 'ಕೋಪಿ-ಐಡಿ' ಎಂಬ ಆ್ಯಪನ್ನೂ ಕೊಟ್ಟಿದೆ. ಪಾಸ್‌ಪೋರ್ಟಿನ ಚಿತ್ರ ತೆಗೆದು ಬೇಡದ ಭಾಗದ ಮೇಲೆ ಬೆರಳಾಡಿಸಿದರೆ ಅದು ಕಪ್ಪಾಗುತ್ತದೆ, ಉದ್ದೇಶದ ಬರಹ ಚಿತ್ರದ ಮೇಲೆ ಬೀಳುತ್ತದೆ. ಉದ್ಯೋಗದಾತರು ಮತ್ತು ಬ್ಯಾಂಕು ಪೂರ್ಣ ಪ್ರತಿ ಕೇಳಿದರೆ ಕೊಡಬೇಕಾಗುತ್ತದೆ, ಅವರಿಗೆ ಕಾನೂನಿನ ಹೊಣೆ ಇದೆ. ಇನ್ನೂ ಮನೆ ನೋಡುವ ಹಂತದಲ್ಲೇ ಇರುವವರಿಂದ ಏಜೆಂಟರು ಪಾಸ್‌ಪೋರ್ಟ್ ಪ್ರತಿ ಕೇಳುವ ಅಗತ್ಯವಿಲ್ಲ. ಮೂಲವನ್ನು ತೋರಿಸುತ್ತೇನೆ ಎನ್ನಿ. ಅಲ್ಲಿನ ಒಂಬತ್ತು ಅಂಕಿಯ ನಾಗರಿಕ ಸಂಖ್ಯೆಯನ್ನಂತೂ ಮನೆ ಮಾಲೀಕರಿಗೆ ಕೊಡಬೇಡಿ.

ಪಾಸ್‌ಪೋರ್ಟ್ ಮುಚ್ಚುವಾಗ ಜನ ತಪ್ಪದೆ ಮಾಡುವ ಒಂದು ತಪ್ಪಿದೆ. ಮೇಲಿನ ಮೂಲೆಯ ಸಂಖ್ಯೆಯನ್ನು ಕಪ್ಪಾಗಿಸಿ ನಿರಾಳರಾಗುತ್ತಾರೆ. ಪುಟದ ಕೆಳಗೆ, ಬಾಣದಂಥ ಗುರುತುಗಳು ತುಂಬಿರುವ 44 ಅಕ್ಷರಗಳ ಎರಡು ಸಾಲುಗಳನ್ನು ನೋಡಿ. ಎರಡನೆಯ ಸಾಲಿನ ಆರಂಭದಲ್ಲೇ ಅದೇ ಪಾಸ್‌ಪೋರ್ಟ್ ಸಂಖ್ಯೆ, ಆಮೇಲೆ ನಿಮ್ಮ ಹುಟ್ಟಿದ ದಿನ, ಆಮೇಲೆ ಅವಧಿ ಮುಗಿಯುವ ದಿನ ಇರುತ್ತವೆ. ಮೇಲಿನದನ್ನು ಮುಚ್ಚಿದರೆ ಕೆಳಗಿನದನ್ನೂ ಮುಚ್ಚಬೇಕು. ತಂದೆ ತಾಯಿಯ ಹೆಸರು, ಮೈಸೂರಿನ ವಿಳಾಸ ಇರುವ ಕೊನೆಯ ಪುಟವನ್ನು ಕೇಳದೆ ಯಾರಿಗೂ ಕಳಿಸಬೇಡಿ. ಎಷ್ಟೋ ಬ್ಯಾಂಕುಗಳು ಫೋನಿನಲ್ಲಿ ಗುರುತು ಖಚಿತಪಡಿಸಿಕೊಳ್ಳಲು ಕೇಳುವುದು ತಾಯಿಯ ಹೆಸರನ್ನೇ. ಮೂಲ ಪಾಸ್‌ಪೋರ್ಟನ್ನು ಒತ್ತೆಯಾಗಿ ಯಾರ ಬಳಿಯೂ ಬಿಡಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು.

ಇಷ್ಟಾಗಿಯೂ ದುರುಪಯೋಗ ಕಂಡುಬಂದರೆ ಊರಿಗೆ ಬರುವವರೆಗೆ ಕಾಯಬೇಡಿ. ಬೇರೆಯವರ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂನಡಿ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಅಪರಾಧ ಪ್ರಕ್ರಿಯಾ ಕಾನೂನಿನ 173ನೇ ಕಲಂ ದೂರನ್ನು ವಿದ್ಯುನ್ಮಾನ ರೂಪದಲ್ಲಿಯೂ ಕೊಡಲು ಅವಕಾಶ ಮಾಡಿದೆ. ಮೂರು ದಿನದೊಳಗೆ ಅದಕ್ಕೆ ಸಹಿ ಹಾಕಬೇಕಾಗುತ್ತದೆ. ಆ ಸಹಿಯ ವ್ಯವಸ್ಥೆ ವಿದೇಶದಿಂದ ಹೇಗೆ ಎಂಬುದನ್ನು ವಕೀಲರೊಬ್ಬರ ಮೂಲಕ ಮೊದಲೇ ಮಾತಾಡಿಕೊಳ್ಳಿ. ಮೈಸೂರು, ಮಂಡ್ಯ ಎರಡೂ ಕಡೆ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಠಾಣೆಗಳಿವೆ. ಹಣ ಹೋಗಿದ್ದರೆ ಮನೆಯವರು ಕೂಡಲೇ 1930ಕ್ಕೆ ಕರೆ ಮಾಡಲಿ, ಅಲ್ಲಿ ಗಂಟೆಗಳ ಲೆಕ್ಕ ಮುಖ್ಯ. ನೆದರ್‌ಲ್ಯಾಂಡ್ಸ್‌ನಲ್ಲಾದರೆ ಅಲ್ಲಿನ ಪೊಲೀಸರ ಜೊತೆಗೆ ಗುರುತಿನ ವಂಚನೆಗೆಂದೇ ಇರುವ ಕೇಂದ್ರ ದೂರು ಕಚೇರಿಗೂ ಬರೆಯಿರಿ.

ಕೊನೆಗೆ ಆ ಇಪ್ಪತ್ತು ಸೆಟ್. ಈ ಭಾನುವಾರ ಅಮ್ಮನಿಗೆ ವಿಡಿಯೊ ಕರೆ ಮಾಡಿ, ಬೀರುವಿನಲ್ಲಿ ಉಳಿದಿರುವುದನ್ನು ಮೇಜಿನ ಮೇಲೆ ಹರಡಿಸಿ, ನಿಮ್ಮ ಕಣ್ಣೆದುರೇ ಎಣಿಸಿ. ಒಂದೊಂದು ಸೆಟ್‌ನಲ್ಲಿ ಮೂರು ಹಾಳೆ. ಅರವತ್ತರಲ್ಲಿ ಎಷ್ಟು ಉಳಿದಿವೆ ಎಂದು ಬರೆದುಕೊಳ್ಳಿ. ಉಳಿದ ಸಹಿಯ ಹಾಳೆಗಳನ್ನು ಹರಿದು ರದ್ದಿಗೆ ಹಾಕುವುದು ಬೇಡ, ರದ್ದಿ ಎಲ್ಲಿಗೆ ಹೋಗುತ್ತದೆಂದು ಮೇಲೆ ಹೇಳಿದ್ದೇನೆ. ಬಕೆಟ್ ನೀರಿನಲ್ಲಿ ರಾತ್ರಿ ನೆನೆಸಿ ಮುದ್ದೆ ಮಾಡಿಬಿಡಲಿ, ಅಥವಾ ಊರಿನ ಮನೆಯಲ್ಲಿ ಹಂಡೆ ಒಲೆ ಇದ್ದರೆ ಅದಕ್ಕೆ ಹಾಕಿಸಿ. ಕಾಣೆಯಾದ ಹಾಳೆಗಳಿಗೆ ಒಂದು ಪಟ್ಟಿ ಮಾಡಿ, ದಲ್ಲಾಳಿಗೂ ದೊಡ್ಡಪ್ಪನ ಮಗನಿಗೂ ಫೋನ್ ಮಾಡಿ, ಯಾವುದನ್ನು ಯಾವ ಕಚೇರಿಗೆ ಕೊಟ್ಟಿರಿ ಎಂದು ಕೇಳಿ ಬರೆದುಕೊಳ್ಳಿ. ಬಳಕೆಯಾಗದೆ ಅವರ ಬಳಿಯೇ ಉಳಿದವನ್ನು ಅಮ್ಮನಿಗೆ ಹಿಂದಿರುಗಿಸಲಿ. ಯಾರೂ ಲೆಕ್ಕ ಕೊಡದ ಹಾಳೆಗಳು ಎಷ್ಟು ಉಳಿಯುತ್ತವೆ, ಅವುಗಳಲ್ಲಿ ಆಧಾರ್ ಎಷ್ಟು, ಪ್ಯಾನ್ ಎಷ್ಟು ಎಂಬುದನ್ನು ನನಗೂ ಬರೆದು ತಿಳಿಸಿ. ಮೊದಲು ಯಾವ ಜಾಲತಾಣ ತೆರೆದು ನೋಡಬೇಕೆಂಬುದನ್ನು ಆ ಎಣಿಕೆಯ ಮೇಲೆ ಹೇಳುತ್ತೇನೆ.